ಪ್ರೀ-ಅಪ್ರೂವ್ಡ್ ಕ್ರೆಡಿಟ್ ಕಾರ್ಡ್ ಪತ್ರ ಮನೆಗೆ ಬಂದಾಗ: ಓದುವುದು ಹೇಗೆ, ಪರೀಕ್ಷಿಸುವುದು ಹೇಗೆ, ದೂರು ಕೊಡುವುದು ಹೇಗೆ

ಸಂಬಳದ ಖಾತೆಗೆ ಒಂದಷ್ಟು ತಿಂಗಳು ತಪ್ಪದೆ ದುಡ್ಡು ಬಿದ್ದವರಿಗೆ, ಬೈಕಿನ ಸಾಲದ ಕಂತು ಸರಿಯಾಗಿ ಕಟ್ಟಿ ಮುಗಿಸಿದವರಿಗೆ, ಚನ್ನಗಿರಿ ಕಡೆ ಅಡಿಕೆ ಮಾರಿದ ಹಣ ಒಮ್ಮೆಗೇ ಖಾತೆಗೆ ಜಮಾ ಆದವರಿಗೆ ಒಂದು ದಪ್ಪ ಲಕೋಟೆ ಬರುವುದುಂಟು. ಒಳಗೆ ನುಣುಪಾದ ಹಾಳೆ, ಅದಕ್ಕೆ ಅಂಟಿಸಿದ ಕಾರ್ಡಿನಾಕಾರದ ರಟ್ಟು, ರಟ್ಟಿನ ಮೇಲೆ ನಿಮ್ಮ ಹೆಸರು. ‘ಅಭಿನಂದನೆಗಳು! ನಿಮಗೆ 3 ಲಕ್ಷ ರೂಪಾಯಿವರೆಗಿನ ಮಿತಿಯ ಕ್ರೆಡಿಟ್ ಕಾರ್ಡ್ ಪ್ರೀ-ಅಪ್ರೂವ್ ಆಗಿದೆ. ಏಳು ದಿನದೊಳಗೆ ಪಡೆಯಿರಿ’ ಎಂಬ ಸಾಲು. ಕೆಳಗೊಂದು ಫೋನ್ ನಂಬರು, ಪಕ್ಕದಲ್ಲಿ ಕ್ಯೂಆರ್ ಕೋಡ್.

ಈ ಪತ್ರ ಮಂಜೂರಾತಿ ಪತ್ರವಲ್ಲ. ಅರ್ಜಿ ಹಾಕಿ ಎಂಬ ಆಹ್ವಾನ, ಅಷ್ಟೇ. ಇಷ್ಟನ್ನು ಗಟ್ಟಿಯಾಗಿ ಹಿಡಿದುಕೊಂಡರೆ ಮುಂದಿನ ಲೆಕ್ಕಗಳೆಲ್ಲ ಸುಲಭ.

ಬ್ಯಾಂಕ್ ನೋಡಿದ್ದೇನು, ನೋಡದೆ ಬಿಟ್ಟಿದ್ದೇನು

ಬ್ಯಾಂಕು ತನ್ನ ಗ್ರಾಹಕರ ಪಟ್ಟಿಯನ್ನು ಸೋಸುತ್ತದೆ: ಖಾತೆಯಲ್ಲಿ ಸರಾಸರಿ ಎಷ್ಟು ಹಣ ಇರುತ್ತದೆ, ಸಂಬಳ ಬರುತ್ತದೆಯೇ, ಚೆಕ್ ಬೌನ್ಸ್ ಆಗಿದೆಯೇ, ಹಳೆಯ ಸಾಲ ತೀರಿದೆಯೇ. ಈ ಜರಡಿಯಲ್ಲಿ ಉಳಿದವರಿಗೆಲ್ಲ ಒಂದೇ ಮಾದರಿಯ ಪತ್ರ ಹೋಗುತ್ತದೆ. ಪಟ್ಟಿ ತಯಾರಾದ ದಿನಕ್ಕೂ ಲಕೋಟೆ ನಿಮ್ಮ ಕೈ ಸೇರುವ ದಿನಕ್ಕೂ ವಾರಗಳ ಅಂತರವಿರುತ್ತದೆ. ಈಗಿನ ಆದಾಯ, ಈಗಿನ ಸಾಲ, ಪ್ಯಾನ್ ಮತ್ತು ಆಧಾರ್ ವಿವರ, ವಿಳಾಸ, ಪೂರ್ತಿ ಕ್ರೆಡಿಟ್ ವರದಿ (ನೀವು ಪಡೆದ ಸಾಲ, ಕಟ್ಟಿದ ಕಂತುಗಳ ದಾಖಲೆ) ಇವೆಲ್ಲ ಪರಿಶೀಲನೆಯಾಗುವುದು ನೀವು ಅರ್ಜಿಗೆ ಸಹಿ ಹಾಕಿದ ಮೇಲೆ.

ಅದಕ್ಕೇ ‘ಮೊದಲೇ ಮಂಜೂರಾದ’ ಕಾರ್ಡಿನ ಅರ್ಜಿ ತಿರಸ್ಕಾರವೂ ಆಗುತ್ತದೆ. ನಮ್ಮ ದಾವಣಗೆರೆ ಕಡೆ ಹೆಚ್ಚಾಗಿ ತೊಡಕಾಗುವುದು ಇನಿಷಿಯಲ್. ಪ್ಯಾನ್‌ನಲ್ಲಿ ಅಪ್ಪನ ಹೆಸರು ಪೂರ್ತಿ ಇರುತ್ತದೆ, ಆಧಾರ್‌ನಲ್ಲಿ ಒಂದೇ ಅಕ್ಷರ, ಪಾಸ್‌ಬುಕ್ಕಿನಲ್ಲಿ ಊರಿನ ಹೆಸರೂ ಸೇರಿ ಎರಡಕ್ಷರ. ಕಂಪ್ಯೂಟರಿಗೆ ಇವರು ಮೂವರು. ಇನ್ನೊಂದು, ಸ್ನೇಹಿತನ ಸಾಲಕ್ಕೆ ಹಾಕಿದ ಜಾಮೀನು. ಅವನು ಕಂತು ತಪ್ಪಿಸಿದರೆ ನಿಮ್ಮ ಕ್ರೆಡಿಟ್ ವರದಿಯಲ್ಲೂ ಅದು ಕಾಣುತ್ತದೆ. ಹಿಂದೆ ಯಾವುದೋ ಸಾಲವನ್ನು ಒನ್ ಟೈಮ್ ಸೆಟ್ಲ್‌ಮೆಂಟ್‌ನಲ್ಲಿ, ಅಂದರೆ ಬಾಕಿಗಿಂತ ಕಡಿಮೆ ಕಟ್ಟಿ ರಾಜಿಯಲ್ಲಿ, ಮುಗಿಸಿದ್ದರೆ ವರದಿಯಲ್ಲಿ ‘ಕ್ಲೋಸ್ಡ್’ ಬದಲು ‘ಸೆಟಲ್ಡ್’ ಎಂದಿರುತ್ತದೆ. ಅದನ್ನು ಕಂಡರೆ ಬ್ಯಾಂಕುಗಳು ಹಿಂಜರಿಯುತ್ತವೆ. ಜಗಳೂರು, ಹೊನ್ನಾಳಿ ಕಡೆಯ ಹಳ್ಳಿಗಳ ಕೆಲವು ಪಿನ್‌ಕೋಡುಗಳಿಗೆ ತಾನು ಕಾರ್ಡ್ ಕೊಡುವುದೇ ಇಲ್ಲ ಎಂಬ ಬ್ಯಾಂಕೂ ಇರಬಹುದು. ಪತ್ರ ಕಳಿಸುವ ವಿಭಾಗ ಬೇರೆ, ಅರ್ಜಿ ನೋಡುವ ವಿಭಾಗ ಬೇರೆ.

ತಿರಸ್ಕಾರವಾದರೆ ಕಾರಣವನ್ನು ಲಿಖಿತವಾಗಿ ತಿಳಿಸಬೇಕು ಎಂದು ರಿಸರ್ವ್ ಬ್ಯಾಂಕು 2022ರ ಕ್ರೆಡಿಟ್ ಕಾರ್ಡ್ ನಿರ್ದೇಶನಗಳಲ್ಲಿ ಹೇಳಿದೆ. ‘ಇಂಟರ್ನಲ್ ಪಾಲಿಸಿ’ ಎಂದು ಫೋನಿನಲ್ಲಿ ಹೇಳಿ ಇಟ್ಟರೆ, ಇಮೇಲ್ ಮಾಡಿ ಕಾರಣ ಕೇಳಿ.

ಅರ್ಜಿ ತಿರಸ್ಕಾರವಾದರೂ ಗುರುತು ಉಳಿಯುತ್ತದೆ. ಅರ್ಜಿ ಹಾಕಿದ ಕೂಡಲೇ ಬ್ಯಾಂಕು ನಿಮ್ಮ ಕ್ರೆಡಿಟ್ ವರದಿ ತರಿಸಿದ್ದು ‘ಎನ್‌ಕ್ವೈರಿ’ ಎಂದು ದಾಖಲಾಗುತ್ತದೆ. ಒಂದೆರಡಕ್ಕೆ ಏನೂ ಆಗದು. ಒಂದೇ ತಿಂಗಳಲ್ಲಿ ನಾಲ್ಕು ಕಡೆ ಹಾಕಿದರೆ ‘ಇವರಿಗೆ ಸಾಲದ ಅವಸರವಿದೆ’ ಎಂದು ಮುಂದಿನ ಬ್ಯಾಂಕು ಓದಿಕೊಳ್ಳುತ್ತದೆ, ವರದಿಯ ಆಧಾರದ ಮೇಲೆ ನಿಮಗೆ ಕೊಡುವ ಅಂಕ, ಅಂದರೆ ಕ್ರೆಡಿಟ್ ಸ್ಕೋರೂ, ಕುಗ್ಗುತ್ತದೆ. ಮನೆ ಸಾಲಕ್ಕೆ ಅರ್ಜಿ ಹಾಕುವ ಯೋಚನೆ ಇರುವವರು ಅದು ಮುಗಿಯುವವರೆಗೆ ಈ ಲಕೋಟೆಗಳನ್ನು ಮುಟ್ಟದಿರುವುದೇ ಒಳ್ಳೆಯದು.

ಕಾಗದವನ್ನು ಕೆಳಗಿನಿಂದ ಓದಿ

ದೊಡ್ಡಕ್ಷರದಲ್ಲಿ ಇರುವುದೆಲ್ಲ ಮೂಗಿಗೆ ತುಪ್ಪ. ನಿಮ್ಮನ್ನು ಕಟ್ಟಿಹಾಕುವ ಮಾತು ಕೊನೆಯ ಸಣ್ಣಕ್ಷರದಲ್ಲಿರುತ್ತದೆ. ಮೊದಲು ಹಾಳೆಯಲ್ಲಿ ನಕ್ಷತ್ರ ಚಿಹ್ನೆಗಳು ಎಲ್ಲೆಲ್ಲಿವೆ ಎಂದು ಪೆನ್ನಿನಿಂದ ಸುತ್ತು ಹಾಕಿ, ಆಮೇಲೆ ಒಂದೊಂದಕ್ಕೂ ಕೆಳಗೆ ಏನಿದೆ ನೋಡಿ. ಇಂಗ್ಲಿಷ್ ತೊಡಕಾದರೆ ಕನ್ನಡದಲ್ಲಿ ಕೇಳಿ: ಷರತ್ತುಗಳು ಸರಳ ಭಾಷೆಯಲ್ಲಿ, ಆದಷ್ಟು ಮಟ್ಟಿಗೆ ಇಂಗ್ಲಿಷ್, ಹಿಂದಿಯ ಜೊತೆ ಸ್ಥಳೀಯ ಭಾಷೆಯಲ್ಲೂ ಇರಬೇಕೆಂಬುದು ಆರ್‌ಬಿಐ ಮಾತು.

‘3 ಲಕ್ಷದವರೆಗೆ’ ಎನ್ನುವಲ್ಲಿ ತೂಕವಿರುವುದು ‘ವರೆಗೆ’ ಎಂಬುದಕ್ಕೆ. ಕಾರ್ಡ್ ಕೈಗೆ ಬಂದಾಗ ಮಿತಿ 40 ಸಾವಿರ ಇದ್ದರೂ ಪತ್ರ ಸುಳ್ಳು ಹೇಳಿದಂತಾಗುವುದಿಲ್ಲ.

‘ಫ್ರೀ’ ಎಂಬುದರಲ್ಲಿ ಮೂರು ಬಗೆ ಇದೆ. ‘ಲೈಫ್‌ಟೈಮ್ ಫ್ರೀ’ ಎಂದು ಸಣ್ಣಕ್ಷರದಲ್ಲೂ ಇದ್ದರೆ ಸೇರ್ಪಡೆ ಶುಲ್ಕವೂ ವಾರ್ಷಿಕ ಶುಲ್ಕವೂ ಇಲ್ಲ. ‘ಮೊದಲ ವರ್ಷ ಉಚಿತ’ ಎಂದಿದ್ದರೆ ಎರಡನೇ ವರ್ಷದಿಂದ ಶುಲ್ಕ ಶುರು. ಮೂರನೆಯದು ಷರತ್ತಿನ ಮನ್ನಾ: ವರ್ಷಕ್ಕೆ ಒಂದು ಲಕ್ಷ ಖರ್ಚು ಮಾಡಿದರೆ ಮಾತ್ರ ಶುಲ್ಕ ಇಲ್ಲ ಎಂಬಂಥದ್ದು. 499 ರೂಪಾಯಿ ಶುಲ್ಕವೆಂದರೆ ಶೇ 18 ಜಿಎಸ್‌ಟಿ ಸೇರಿ 588 ರೂಪಾಯಿ 82 ಪೈಸೆ. ಅದನ್ನು ಉಳಿಸಲೆಂದು ಬೇಡದ ಸಾಮಾನು ಕೊಳ್ಳುವವರೇ ಹೆಚ್ಚು. ಬ್ಯಾಂಕಿಗೂ ಅದು ಗೊತ್ತು.

ಗಿಫ್ಟ್ ವೋಚರಿಗೆ ಲೆಕ್ಕ ಹಾಕಿಯೇ ನೋಡಬೇಕು. 150 ರೂಪಾಯಿ ಖರ್ಚಿಗೆ ಒಂದು ಪಾಯಿಂಟ್, ಒಂದು ಪಾಯಿಂಟಿನ ಬೆಲೆ 25 ಪೈಸೆ ಎಂದಿದ್ದರೆ, 500 ರೂಪಾಯಿ ವೋಚರಿಗೆ 2,000 ಪಾಯಿಂಟ್ ಬೇಕು. ಅಂದರೆ 3 ಲಕ್ಷ ರೂಪಾಯಿ ಖರ್ಚು. ಪೆಟ್ರೋಲ್ ಸರ್‌ಚಾರ್ಜ್ ಮನ್ನಾಕ್ಕೆ ಸಾಮಾನ್ಯವಾಗಿ ಒಮ್ಮೆಗೆ 400 ಅಥವಾ 500 ರೂಪಾಯಿ ಮೇಲೆ ಹಾಕಿಸಿರಬೇಕು. ಬೈಕಿಗೆ ಇನ್ನೂರರ ಪೆಟ್ರೋಲ್ ಹಾಕಿಸುವವರಿಗೆ ದಕ್ಕದು. ಏರ್‌ಪೋರ್ಟ್ ಲೌಂಜ್ ಸೌಲಭ್ಯವನ್ನಂತೂ ವಿಮಾನ ನಿಲ್ದಾಣವೇ ಇಲ್ಲದ ದಾವಣಗೆರೆಯವರು ಬೆಲೆ ಕಟ್ಟುವಾಗ ಸೊನ್ನೆ ಎಂದೇ ಹಿಡಿಯಬಹುದು.

ಇನ್ನು ಬಡ್ಡಿ. ಪತ್ರದಲ್ಲಿ ‘ತಿಂಗಳಿಗೆ 3.5’ ಎಂದು ಚಿಕ್ಕ ಸಂಖ್ಯೆ ಇರುತ್ತದೆ. ವರ್ಷಕ್ಕೆ ಅದು ಶೇ 42. ಬಡ್ಡಿಯ ಮೇಲೂ ಶೇ 18 ಜಿಎಸ್‌ಟಿ ಇರುವುದರಿಂದ ಕೈಯಿಂದ ಹೋಗುವುದು ತಿಂಗಳಿಗೆ ಶೇ 4.13. ಮಂಡಿಪೇಟೆಯಲ್ಲಿ ನೂರಕ್ಕೆ ನಾಲ್ಕರ ಬಡ್ಡಿ ಎಂದರೆ ‘ಮೀಟರ್ ಬಡ್ಡಿ’ ಎಂದು ದೂರ ಸರಿಯುವವರು ಇಲ್ಲಿ ನಗುತ್ತ ಸಹಿ ಹಾಕುತ್ತಾರೆ. ಕಾನೂನಿನ ಮಿತಿ ಇದೆಯಲ್ಲ ಎಂದು ನಂಬಿ ಕೂರುವಂತೆಯೂ ಇಲ್ಲ. ಶೇ 30ಕ್ಕಿಂತ ಹೆಚ್ಚು ಬಡ್ಡಿ ಅನ್ಯಾಯದ ವ್ಯಾಪಾರ ಪದ್ಧತಿ ಎಂದು ರಾಷ್ಟ್ರೀಯ ಗ್ರಾಹಕ ಆಯೋಗ 2008ರಲ್ಲಿ ಕೊಟ್ಟಿದ್ದ ತೀರ್ಪನ್ನು ಸುಪ್ರೀಂ ಕೋರ್ಟ್ 2024ರ ಡಿಸೆಂಬರ್ 20ರಂದು ರದ್ದು ಮಾಡಿತು.

ಗಡುವಿನೊಳಗೆ ಪೂರ್ತಿ ಬಿಲ್ ಕಟ್ಟುವವರಿಗೆ ಈ ಬಡ್ಡಿ ತಟ್ಟುವುದಿಲ್ಲ. ತಟ್ಟುವುದು ‘ಮಿನಿಮಮ್ ಡ್ಯೂ’, ಅಂದರೆ ಬಿಲ್ಲಿನಲ್ಲಿ ಕನಿಷ್ಠ ಇಷ್ಟು ಕಟ್ಟಿ ಎಂದು ತೋರಿಸಿದ ಮೊತ್ತವನ್ನಷ್ಟೇ, ಕಟ್ಟುವವರಿಗೆ. ಬಿಲ್ 40,000, ಮಿನಿಮಮ್ ಡ್ಯೂ ಶೇ 5 ಅಂದರೆ 2,000 ಎಂದಿಟ್ಟುಕೊಳ್ಳಿ. ಎರಡು ಸಾವಿರ ಕಟ್ಟಿದಿರಿ, 38,000 ಉಳಿಯಿತು. ಮೂವತ್ತು ದಿನಕ್ಕೆ ಬಡ್ಡಿ 1,330, ಅದರ ಮೇಲೆ ಜಿಎಸ್‌ಟಿ 239, ಒಟ್ಟು 1,569. ನೀವು ಕಟ್ಟಿದ ಎರಡು ಸಾವಿರದಲ್ಲಿ ಅಸಲಿನಿಂದ ಇಳಿದದ್ದು ನಾಲ್ಕುನೂರ ಚಿಲ್ಲರೆ ಮಾತ್ರ. ಅದೂ ಸರಿಯಾದ ಲೆಕ್ಕವಲ್ಲ, ಏಕೆಂದರೆ ಪೂರ್ತಿ ಕಟ್ಟದಿದ್ದರೆ ಬಡ್ಡಿ ಖರೀದಿ ಮಾಡಿದ ದಿನದಿಂದಲೇ ಓಡುತ್ತದೆ, ಬಾಕಿ ಇರುವಷ್ಟು ಕಾಲ ಹೊಸ ಖರೀದಿಗೂ ಬಡ್ಡಿರಹಿತ ದಿನಗಳು ಸಿಗುವುದಿಲ್ಲ. ‘50 ದಿನ ಬಡ್ಡಿ ಇಲ್ಲ’ ಎಂಬ ದೊಡ್ಡಕ್ಷರದ ಸಾಲಿನ ಕೆಳಗಿನ ನಕ್ಷತ್ರ ಹೇಳುವುದು ಇದನ್ನೇ.

ಎಟಿಎಂನಿಂದ ನಗದು ತೆಗೆಯಬಹುದು ಎಂಬುದನ್ನೂ ಸೌಲಭ್ಯವೆಂದೇ ಬರೆದಿರುತ್ತಾರೆ. ನಗದಿಗೆ ಒಂದು ದಿನವೂ ಬಡ್ಡಿರಹಿತ ಅವಧಿ ಇಲ್ಲ. ಹಲವು ಬ್ಯಾಂಕುಗಳಲ್ಲಿ ತೆಗೆದ ಮೊತ್ತದ ಶೇ 2.5, ಕನಿಷ್ಠ 500 ರೂಪಾಯಿ ಶುಲ್ಕ. ಹತ್ತು ಸಾವಿರ ತೆಗೆದು ತಿಂಗಳಿಗೆ ಮರಳಿಸಿದರೆ ಶುಲ್ಕ 500, ಬಡ್ಡಿ 350, ಜಿಎಸ್‌ಟಿ 153: ಒಟ್ಟು 1,003 ರೂಪಾಯಿ ಮೇಲೆ ಬೀಳುತ್ತದೆ.

ಕೊನೆಯದಾಗಿ, ಅದು ಕ್ರೆಡಿಟ್ ಕಾರ್ಡೇ ಹೌದೇ ನೋಡಿ. ಕೆಲವು ಲಕೋಟೆಗಳಲ್ಲಿ ಇರುವುದು ಫೈನಾನ್ಸ್ ಕಂಪನಿಯ ಇಎಂಐ ಕಾರ್ಡ್, ಇನ್ನು ಕೆಲವದರಲ್ಲಿ ಆಸ್ಪತ್ರೆ ರಿಯಾಯಿತಿ ಕಾರ್ಡ್. ಚಿತ್ರ ನೋಡಿದರೆ ವ್ಯತ್ಯಾಸ ತಿಳಿಯದು. ‘ಇಶ್ಯೂಡ್ ಬೈ’ ಎಂಬಲ್ಲಿ ಯಾರ ಹೆಸರಿದೆ ಎಂದು ಹುಡುಕಿ. ಸೌಹಾರ್ದ ಸಹಕಾರಿ ಸಂಘಗಳು ಬ್ಯಾಂಕುಗಳಲ್ಲ, ಫೈನಾನ್ಸ್ ಕಂಪನಿಗಳೂ ಆರ್‌ಬಿಐನ ಮುಂಚಿತ ಅನುಮತಿ ಇಲ್ಲದೆ ಕ್ರೆಡಿಟ್ ಕಾರ್ಡ್ ಕೊಡುವಂತಿಲ್ಲ. ಹೆಸರು ಸಿಗದಿದ್ದರೆ ಅಲ್ಲಿಗೇ ನಿಲ್ಲಿಸಿ.

ಅಸಲಿಯೋ ನಕಲಿಯೋ

ಪತ್ರದಲ್ಲಿ ಕೊಟ್ಟ ನಂಬರಿಗೆ ಕರೆ ಮಾಡಿ ‘ಇದು ನಿಜವೇ?’ ಎಂದು ಕೇಳುವುದರಿಂದ ಉಪಯೋಗವಿಲ್ಲ. ನಕಲಿ ಪತ್ರ ಅಚ್ಚು ಹಾಕಿಸಿದವನೇ ಫೋನ್ ಎತ್ತಿ ‘ಹೌದು ಸರ್’ ಎನ್ನುತ್ತಾನೆ. ಆ ಬ್ಯಾಂಕಿನಲ್ಲಿ ನಿಮ್ಮ ಖಾತೆ ಇದ್ದರೆ ಡೆಬಿಟ್ ಕಾರ್ಡಿನ ಹಿಂಭಾಗದ ನಂಬರಿಗೆ ಕರೆ ಮಾಡಿ, ಇಲ್ಲವೇ ಬ್ಯಾಂಕಿನ ಆ್ಯಪ್ ತೆರೆದು ‘ಆಫರ್ಸ್’ ಅಥವಾ ‘ಕಾರ್ಡ್ಸ್’ ವಿಭಾಗ ನೋಡಿ. ನಿಜವಾದ ಆಫರ್ ಸಾಮಾನ್ಯವಾಗಿ ಅಲ್ಲೂ ಕಾಣುತ್ತದೆ. ಖಾತೆ ಇಲ್ಲದ ಬ್ಯಾಂಕಾದರೆ ಪಿ.ಜೆ. ಬಡಾವಣೆಯಲ್ಲೋ ಅಶೋಕ ರಸ್ತೆಯಲ್ಲೋ ಹತ್ತಿರದಲ್ಲಿ ಅದರ ಶಾಖೆ ಇದ್ದರೆ ಪತ್ರ ಹಿಡಿದುಕೊಂಡು ಹೋಗಿ, ಅದರಲ್ಲಿರುವ ರೆಫರೆನ್ಸ್ ನಂಬರು ತಮ್ಮದೇ ಎಂದು ಹೇಳುತ್ತಾರೋ ನೋಡಿ.

ವೆಬ್ ವಿಳಾಸ ಕೊಟ್ಟಿದ್ದರೆ ಕೊನೆಯ ಭಾಗ ನೋಡಿ. ಬ್ಯಾಂಕುಗಳು 2025ರ ಅಕ್ಟೋಬರ್ 31ರೊಳಗೆ ‘ಡಾಟ್ ಬ್ಯಾಂಕ್ ಡಾಟ್ ಇನ್’ ಎಂದು ಮುಗಿಯುವ ವಿಳಾಸಕ್ಕೆ ಬದಲಾಗಬೇಕೆಂದು ಆರ್‌ಬಿಐ ಹೇಳಿತ್ತು. ಈ ಬಾಲ ಬ್ಯಾಂಕುಗಳಿಗೆ ಮಾತ್ರ ಸಿಗುತ್ತದೆ. ಬ್ಯಾಂಕಿನ ಹೆಸರು ವಿಳಾಸದ ನಡುವೆ ಎಲ್ಲೋ ಇದ್ದು, ಕೊನೆಗೆ ಬೇರೇನೋ ಇದ್ದರೆ ನಂಬಬೇಡಿ. ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿದ ಮೇಲೆ ‘ಎಪಿಕೆ’ ಫೈಲ್ (ಪ್ಲೇ ಸ್ಟೋರಿನ ಹೊರಗಿಂದ ಆ್ಯಪ್ ಹಾಕಿಸುವ ಫೈಲ್) ಇಳಿಸಿಕೊಳ್ಳಲು ಹೇಳಿದರೆ ಅದು ವಂಚನೆಯೇ. ಬ್ಯಾಂಕಿನ ಆ್ಯಪ್ ಪ್ಲೇ ಸ್ಟೋರಿನಲ್ಲಿ ಸಿಗುತ್ತದೆ, ವಾಟ್ಸಾಪಿನಲ್ಲಿ ಬರುವುದಿಲ್ಲ. ಆ ಫೈಲ್ ಒಳಹೊಕ್ಕರೆ ನಿಮ್ಮ ಎಸ್ಸೆಮ್ಮೆಸ್‌ಗಳನ್ನು ಓದಿ ಒಟಿಪಿಗಳನ್ನು ಬೇರೆಡೆಗೆ ರವಾನಿಸುತ್ತದೆ. ನೀವು ಯಾರಿಗೂ ಒಟಿಪಿ ಹೇಳದಿದ್ದರೂ ಖಾತೆ ಖಾಲಿಯಾಗುವುದು ಹೀಗೆ.

ಪತ್ರದ ಬೆನ್ನಿಗೇ ಕರೆಯೂ ಬರುತ್ತದೆ. ಪ್ರಚಾರದ ಕರೆಗಳಿಗೆ 140ರಿಂದ ಶುರುವಾಗುವ ನಂಬರು, ಬ್ಯಾಂಕಿನ ಸೇವಾ ಕರೆಗಳಿಗೆ 1600ರಿಂದ ಶುರುವಾಗುವ ನಂಬರು ಎಂದು ನಿಗದಿಯಾಗಿದೆ. ಮಾಮೂಲಿ ಹತ್ತಂಕಿ ಮೊಬೈಲ್ ನಂಬರಿನಿಂದ ‘ಬ್ಯಾಂಕಿನ ಹೆಡ್ ಆಫೀಸಿಂದ ಮಾತಾಡ್ತಿದೀವಿ’ ಎಂದರೆ ಎಚ್ಚರ. ಕಾರ್ಡ್ ಮಾರುವ ಕರೆಗೆ ಹೊತ್ತೂ ಗೊತ್ತಾಗಿದೆ: ಬೆಳಿಗ್ಗೆ 10ರಿಂದ ಸಂಜೆ 7. ಪ್ರೊಸೆಸಿಂಗ್ ಫೀ ಎಂದು ಮೊದಲೇ ಯುಪಿಐಗೆ ಹಣ ಹಾಕಿ ಎನ್ನುವವರು ಕಾರ್ಡ್ ಕೊಡುವವರಲ್ಲ. ನಿಜವಾದ ಕಾರ್ಡಿನ ಶುಲ್ಕ ಮೊದಲ ಬಿಲ್ಲಿನಲ್ಲಿ ಬರುತ್ತದೆ.

ಹಣ ಹೋದದ್ದು ಗೊತ್ತಾದ ಕ್ಷಣವೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಮಗನನ್ನು ಕೇಳಿ, ಭಾವನನ್ನು ಕೇಳಿ ಎಂದು ಸಂಜೆಯವರೆಗೆ ಕಾಯುವಷ್ಟರಲ್ಲಿ ಹಣ ನಾಲ್ಕು ಖಾತೆ ದಾಟಿರುತ್ತದೆ. ಜೊತೆಗೇ ಬ್ಯಾಂಕಿಗೆ ಹೇಳಿ ಖಾತೆ, ಕಾರ್ಡ್ ಬ್ಲಾಕ್ ಮಾಡಿಸಿ, ದೂರಿನ ನಂಬರು ಬರೆದಿಟ್ಟುಕೊಂಡು ಸೈಬರ್ ಅಪರಾಧ ನೋಡುವ ಸಿಇಎನ್ ಪೊಲೀಸ್ ಠಾಣೆಗೆ ಹೋಗಿ. ನಿಮ್ಮ ತಪ್ಪಾಗಲಿ ಬ್ಯಾಂಕಿನ ತಪ್ಪಾಗಲಿ ಇಲ್ಲದೆ ಮೂರನೆಯವರಿಂದ ಆದ ವಂಚನೆಯನ್ನು ಮೂರು ಕೆಲಸದ ದಿನಗಳೊಳಗೆ ತಿಳಿಸಿದರೆ ನಷ್ಟ ನಿಮ್ಮ ಮೇಲೆ ಬೀಳದು ಎಂಬುದು 2017ರ ಜುಲೈನ ಆರ್‌ಬಿಐ ಸುತ್ತೋಲೆ. ನೀವೇ ಒಟಿಪಿ ಹೇಳಿದ್ದರೆ, ಬ್ಯಾಂಕಿಗೆ ತಿಳಿಸುವವರೆಗಿನ ನಷ್ಟ ನಿಮ್ಮದು; ತಿಳಿಸಿದ ಮೇಲಿನದು ಬ್ಯಾಂಕಿನದು. ಆದ್ದರಿಂದ ನಾಚಿಕೆಯಿಂದ ಸುಮ್ಮನಿದ್ದಷ್ಟೂ ನಷ್ಟ ನಿಮ್ಮ ಕಡೆಗೇ.

ಅರ್ಜಿ ಹಾಕುವುದೇ ಆದರೆ

ಕಾರ್ಡ್ ನಿಜಕ್ಕೂ ಬೇಕಿದ್ದರೆ ಪತ್ರದ ದಾರಿ ಬಿಟ್ಟು ಬ್ಯಾಂಕಿನ ಆ್ಯಪ್ ಅಥವಾ ಶಾಖೆಯ ದಾರಿ ಹಿಡಿಯಿರಿ. ಅದಕ್ಕೂ ಮುಂಚೆ ನಿಮ್ಮ ಕ್ರೆಡಿಟ್ ವರದಿ ನೋಡಿಕೊಳ್ಳಿ. ಸಿಬಿಲ್, ಎಕ್ಸ್‌ಪೀರಿಯನ್, ಇಕ್ವಿಫ್ಯಾಕ್ಸ್, ಕ್ರಿಫ್ ಹೈ ಮಾರ್ಕ್ ಈ ನಾಲ್ಕೂ ಕ್ರೆಡಿಟ್ ಮಾಹಿತಿ ಕಂಪನಿಗಳು ವರ್ಷಕ್ಕೊಮ್ಮೆ ಪೂರ್ತಿ ವರದಿಯನ್ನು ಉಚಿತವಾಗಿ ಕೊಡಬೇಕು. ನಿಮ್ಮ ವರದಿಯನ್ನು ನೀವೇ ನೋಡಿದರೆ ಸ್ಕೋರ್ ಕಡಿಮೆಯಾಗುವುದಿಲ್ಲ. ತಪ್ಪಿದ್ದರೆ ಆನ್‌ಲೈನಿನಲ್ಲೇ ತಕರಾರು ಹಾಕಿ; 30 ದಿನದೊಳಗೆ ಸರಿಪಡಿಸದಿದ್ದರೆ ದಿನಕ್ಕೆ 100 ರೂಪಾಯಿ ಪರಿಹಾರಕ್ಕೆ ನೀವು ಅರ್ಹರು.

ಅರ್ಜಿಯ ಜೊತೆ ಒಂದು ಪುಟದ ‘ಕೀ ಫ್ಯಾಕ್ಟ್ ಸ್ಟೇಟ್‌ಮೆಂಟ್’ ಕೊಡಲೇಬೇಕು: ಬಡ್ಡಿ ದರ, ಶುಲ್ಕ ಎಲ್ಲ ಅದರಲ್ಲಿರುತ್ತದೆ. ‘ಆಮೇಲೆ ಮೇಲ್‌ಗೆ ಬರುತ್ತೆ ಸರ್’ ಎನ್ನುವ ಏಜೆಂಟನಿಗೆ ಸಹಿಯೂ ಆಮೇಲೆಯೇ ಸಿಗುತ್ತದೆ ಎನ್ನಿ.

ಫಾರಂ ಖಾಲಿ ಬಿಟ್ಟು ಸಹಿ ಹಾಕಿ ಕೊಡಬೇಡಿ. ಟಾರ್ಗೆಟ್ ಮುಟ್ಟಲೆಂದು ಆದಾಯವನ್ನು ಏರಿಸಿ ಬರೆಯುವುದು, ತಮ್ಮದೇ ಇಮೇಲ್ ತುಂಬುವುದು, ಇನ್ಶೂರೆನ್ಸ್ ಬೇಕು ಎಂಬಲ್ಲಿ ಟಿಕ್ ಹಾಕುವುದು, ಇವೆಲ್ಲ ನಡೆಯುವುದು ಆ ಖಾಲಿ ಜಾಗದಲ್ಲೇ. ಕೆಳಗೆ ಸಹಿ ನಿಮ್ಮದಾದ್ದರಿಂದ ಸುಳ್ಳು ಹೇಳಿದವರು ನೀವು ಎಂದಾಗುತ್ತದೆ. ಇಮೇಲ್ ಬೇರೆಯವರದಿದ್ದರೆ ಬಿಲ್ ನಿಮಗೆ ಬಾರದು. ಗಡುವು ದಾಟಿ ಲೇಟ್ ಫೀ ಬಿದ್ದ ಮೇಲೆ ರಿಕವರಿಯವರ ಕರೆಯಿಂದ ವಿಷಯ ತಿಳಿಯುತ್ತದೆ. ತುಂಬದ ಕಾಲಂಗಳಿಗೆ ಅಡ್ಡಗೆರೆ ಎಳೆಯಿರಿ. ಪ್ಯಾನ್ ಜೆರಾಕ್ಸಿನ ಮೇಲೆ, ಅಕ್ಷರಗಳ ಮೇಲೆಯೇ ಹಾಯುವಂತೆ ‘ಇಂಥ ಬ್ಯಾಂಕಿನ ಕ್ರೆಡಿಟ್ ಕಾರ್ಡ್ ಅರ್ಜಿಗೆ ಮಾತ್ರ’ ಎಂದು ಬರೆದು ದಿನಾಂಕ ಹಾಕಿ ಸಹಿ ಮಾಡಿ. ಆಧಾರ್ ಕೊಡುವಾಗ ಕೊನೆಯ ನಾಲ್ಕಂಕಿ ಮಾತ್ರ ಕಾಣುವ ಮಾಸ್ಕ್ಡ್ ಆಧಾರ್ ಕೊಡಿ. ಆಧಾರ್ ಕೊಡುವ ಯುಐಡಿಎಐ ಸಂಸ್ಥೆಯ ತಾಣದಲ್ಲಿ ಇಳಿಸಿಕೊಳ್ಳಬಹುದು. ಪೂರ್ತಿ ತುಂಬಿದ ಫಾರಂನ ಫೋಟೋ ತೆಗೆದಿಟ್ಟುಕೊಳ್ಳಿ.

ಸಾಲದ ಇತಿಹಾಸವೇ ಇಲ್ಲದವರಿಗೆ ಎಫ್‌ಡಿ ಮೇಲಿನ ಕಾರ್ಡ್ ಎಂಬ ಬೇರೆ ದಾರಿಯಿದೆ. ಎಫ್‌ಡಿಗೆ ಬಡ್ಡಿ ಬರುತ್ತಲೇ ಇರುತ್ತದೆ, ಅದರ ಒಂದು ಭಾಗದಷ್ಟು ಮಿತಿಯ ಕಾರ್ಡ್ ಸಿಗುತ್ತದೆ. ಪತ್ರದಲ್ಲಿ ಇದನ್ನು ಹೇಳುವುದಿಲ್ಲ.

ಕೇಳದೆಯೇ ಕಾರ್ಡ್ ಬಂದರೆ

ಕೆಲವೊಮ್ಮೆ ರಟ್ಟಿನ ಬದಲು ನಿಜವಾದ ಪ್ಲಾಸ್ಟಿಕ್ ಕಾರ್ಡೇ ಕೊರಿಯರ್‌ನಲ್ಲಿ ಬಂದುಬಿಡುತ್ತದೆ. ಇದನ್ನು ಆರ್‌ಬಿಐ ನೇರವಾಗಿ ನಿಷೇಧಿಸಿದೆ. ನೀವು ಮಾಡಬೇಕಾದ್ದು ಮೊದಲಿಗೆ ಏನೂ ಮಾಡದಿರುವುದು: ಪಿನ್ ಹಾಕಬೇಡಿ, ‘ಆ್ಯಕ್ಟಿವೇಟ್ ಮಾಡೋಕೆ ಒಂದು ಕೋಡ್ ಬಂದಿದೆ, ಹೇಳಿ’ ಎಂದವರಿಗೆ ಹೇಳಬೇಡಿ. ಕಾರ್ಡ್ ಕೊಟ್ಟು 30 ದಿನ ಕಳೆದರೂ ಆ್ಯಕ್ಟಿವೇಟ್ ಆಗದಿದ್ದರೆ ಬ್ಯಾಂಕು ಒಟಿಪಿ ಮೂಲಕ ನಿಮ್ಮ ಒಪ್ಪಿಗೆ ಕೇಳಬೇಕು. ಒಪ್ಪಿಗೆ ಸಿಗದಿದ್ದರೆ ಏಳು ಕೆಲಸದ ದಿನಗಳಲ್ಲಿ ಖಾತೆಯನ್ನು ಖರ್ಚಿಲ್ಲದೆ ಮುಚ್ಚಬೇಕು. ‘ಬೇಡವಾದರೆ ಒಟಿಪಿ ಹೇಳಿ, ಕ್ಯಾನ್ಸಲ್ ಮಾಡ್ತೀವಿ’ ಎನ್ನುವುದು ಮೋಸಗಾರರ ಮಾಮೂಲಿ ಮಾತು. ಆ ಒಟಿಪಿ ಕಾರ್ಡನ್ನು ಚಾಲೂ ಮಾಡುವುದಕ್ಕೋ ಹಣ ಎಳೆಯುವುದಕ್ಕೋ ಇರುತ್ತದೆ. ಎಸ್ಸೆಮ್ಮೆಸ್ ಏನು ಹೇಳುತ್ತದೆ ಎಂದು ಪೂರ್ತಿ ಓದಿ.

ಒಪ್ಪಿಗೆಯಿಲ್ಲದೆ ಕೊಟ್ಟ ಕಾರ್ಡು ಚಾಲೂ ಆಗಿ ಅದಕ್ಕೆ ಬಿಲ್ಲೂ ಬಂದರೆ ಆ ಶುಲ್ಕವನ್ನು ಬ್ಯಾಂಕು ಕೂಡಲೇ ರದ್ದು ಮಾಡಿ, ಅದರ ಎರಡರಷ್ಟನ್ನು ದಂಡವಾಗಿ ನಿಮಗೆ ಕೊಡಬೇಕು. 588.82 ರೂಪಾಯಿ ಬಿಲ್ ಬಂದಿದ್ದರೆ ಅದು ರದ್ದಾಗಿ, 1,177.64 ರೂಪಾಯಿ ನಿಮಗೆ ಬರಬೇಕು. ಇರುವ ಕಾರ್ಡನ್ನು ಕೇಳದೆ ದುಬಾರಿ ಕಾರ್ಡಿಗೆ ‘ಅಪ್‌ಗ್ರೇಡ್’ ಮಾಡಿದರೂ ಇದೇ ನಿಯಮ. ಆದರೆ ತಾನಾಗಿ ಕೊಡುವುದಿಲ್ಲ, ಬರೆದು ಕೇಳಬೇಕು. ಕನ್ನಡದಲ್ಲೇ ಬರೆಯಬಹುದು:

‘ಇವರಿಗೆ, ದೂರು ಪರಿಹಾರ ಅಧಿಕಾರಿ, (ಬ್ಯಾಂಕಿನ ಹೆಸರು). ವಿಷಯ: ಕೇಳದೆ ನೀಡಿದ ಕ್ರೆಡಿಟ್ ಕಾರ್ಡ್. ಮಾನ್ಯರೇ, ಕೊನೆಯ ನಾಲ್ಕು ಅಂಕಿ ____ ಇರುವ ಕಾರ್ಡ್ ದಿನಾಂಕ ____ರಂದು ನನ್ನ ವಿಳಾಸಕ್ಕೆ ಬಂದಿದೆ. ನಾನು ಇದಕ್ಕೆ ಅರ್ಜಿ ಹಾಕಿಲ್ಲ, ಲಿಖಿತವಾಗಲಿ ಡಿಜಿಟಲ್ ಆಗಲಿ ಒಪ್ಪಿಗೆ ಕೊಟ್ಟಿಲ್ಲ. ಒಪ್ಪಿಗೆ ಇದೆ ಎನ್ನುವುದಾದರೆ ಅದರ ಪ್ರತಿ ಕಳಿಸಿ. ಇಲ್ಲವಾದರೆ ಖಾತೆ ಮುಚ್ಚಿ, ದಿನಾಂಕ ____ರ ಬಿಲ್ಲಿನ ____ ರೂಪಾಯಿ ರದ್ದುಪಡಿಸಿ, ಆರ್‌ಬಿಐ ನಿರ್ದೇಶನದಂತೆ ಅದರ ಎರಡರಷ್ಟು ದಂಡವನ್ನು ನನ್ನ ಖಾತೆಗೆ ಜಮಾ ಮಾಡಿ. ಕ್ರೆಡಿಟ್ ಮಾಹಿತಿ ಕಂಪನಿಗಳಿಗೆ ಈ ಖಾತೆಯ ವಿವರ ಕಳಿಸಿದ್ದರೆ ತೆಗೆಸಿ, ಲಿಖಿತವಾಗಿ ಖಚಿತಪಡಿಸಿ.’

ಒಪ್ಪಿಗೆಯ ಪ್ರತಿ ಕೇಳುವ ಸಾಲನ್ನು ಬಿಡಬೇಡಿ. ಬ್ಯಾಂಕಿನ ಬಳಿ ಆ ಪ್ರತಿ ಇಲ್ಲದಿದ್ದರೆ ಉತ್ತರದ ಧಾಟಿಯೇ ಬದಲಾಗುತ್ತದೆ. ಇಮೇಲ್ ಮಾಡಿ, ಜೊತೆಗೆ ಸ್ಪೀಡ್ ಪೋಸ್ಟಿನಲ್ಲೂ ಕಳಿಸಿ; ರಿಜಿಸ್ಟರ್ ಪೋಸ್ಟ್ 2025ರಲ್ಲಿ ಸ್ಪೀಡ್ ಪೋಸ್ಟಿನೊಳಗೇ ಸೇರಿದೆ. ರಸೀದಿಯನ್ನು ಪತ್ರದ ಪ್ರತಿಗೆ ಪಿನ್ ಮಾಡಿಡಿ. ಕಾರ್ಡನ್ನು ಚಿಪ್ ಮತ್ತು ಕಪ್ಪು ಪಟ್ಟಿ ಎರಡೂ ತುಂಡಾಗುವಂತೆ ಕತ್ತರಿಸಿ, ಆದರೆ ಕತ್ತರಿಸುವ ಮುಂಚೆ ಕವರಿನ ಸಮೇತ ಫೋಟೋ ತೆಗೆಯಿರಿ.

ಒಪ್ಪಿಕೊಂಡೇ ತೆಗೆದುಕೊಂಡ ಕಾರ್ಡ್ ಈಗ ಬೇಡವಾಗಿದ್ದರೆ ಬಾಕಿ ಪೂರ್ತಿ ಕಟ್ಟಿ ಮುಚ್ಚಲು ಹೇಳಿ. ಏಳು ಕೆಲಸದ ದಿನದೊಳಗೆ ಮುಚ್ಚದಿದ್ದರೆ ತಡವಾದ ಪ್ರತಿ ದಿನಕ್ಕೆ 500 ರೂಪಾಯಿ ದಂಡವನ್ನು ಬ್ಯಾಂಕು ಕೊಡಬೇಕು. ‘ಅಂಚೆಯಲ್ಲೇ ಅರ್ಜಿ ಕಳಿಸಿ’ ಎಂದು ಪಟ್ಟು ಹಿಡಿಯುವಂತಿಲ್ಲ. ಆ್ಯಪ್, ಇಮೇಲ್, ಸಹಾಯವಾಣಿ ಯಾವುದಾದರೂ ನಡೆಯುತ್ತದೆ. ಹತ್ತು ರೂಪಾಯಿ ಬಾಕಿ ಇದ್ದರೂ ದಂಡದ ಮಾತು ಬಿದ್ದುಹೋಗುತ್ತದೆ, ಹಾಗಾಗಿ ಮೊದಲು ಸೊನ್ನೆ ಬಾಕಿಯ ಸ್ಕ್ರೀನ್‌ಶಾಟ್ ತೆಗೆದುಕೊಳ್ಳಿ.

ಬ್ಯಾಂಕು ಕೇಳದಿದ್ದರೆ

30 ದಿನದಲ್ಲಿ ಉತ್ತರ ಬಾರದಿದ್ದರೆ, ಬಂದ ಉತ್ತರ ಒಪ್ಪಿಗೆಯಾಗದಿದ್ದರೆ ಬ್ಯಾಂಕುಗಳ ಮೇಲಿನ ದೂರು ವಿಚಾರಿಸುವ ಆರ್‌ಬಿಐ ಒಂಬುಡ್ಸ್‌ಮನ್‌ಗೆ ದೂರು ಕೊಡಬಹುದು. ಶುಲ್ಕವಿಲ್ಲ, ವಕೀಲರು ಬೇಡ. ಆರ್‌ಬಿಐನ ಸಿಎಂಎಸ್ ಎಂಬ ದೂರು ಪೋರ್ಟಲ್‌ನಲ್ಲಿ ಆನ್‌ಲೈನ್ ಆಗಿಯೇ ಹಾಕಬಹುದು; ಮಾಹಿತಿಗೆ 14448. ಇಲ್ಲಿ ದೂರುಗಳು ಬಿದ್ದುಹೋಗಲು ಒಂದು ಕಾರಣ: ಮೊದಲು ಬ್ಯಾಂಕಿಗೆ ಬರೆದದ್ದಕ್ಕೆ ದಾಖಲೆ ಇರುವುದಿಲ್ಲ. ಶಾಖೆಗೆ ಹೋಗಿ ಮ್ಯಾನೇಜರಿಗೆ ಬಾಯಲ್ಲಿ ಹೇಳಿ ಬಂದದ್ದು ಲೆಕ್ಕಕ್ಕಿಲ್ಲ. ಶಾಖೆಯಲ್ಲೇ ಕೊಡುವುದಾದರೆ ಎರಡು ಪ್ರತಿ ಒಯ್ದು, ಒಂದರ ಮೇಲೆ ಸೀಲು, ಸಹಿ, ದಿನಾಂಕ ಹಾಕಿಸಿಕೊಂಡು ಬನ್ನಿ.

ಪರಿಹಾರ ಬೇಕಾದರೆ ಜಿಲ್ಲಾ ಗ್ರಾಹಕರ ಆಯೋಗವೂ ಇದೆ. 2019ರ ಕಾಯ್ದೆಯಂತೆ ನೀವು ವಾಸಿಸುವ ಜಿಲ್ಲೆಯಲ್ಲೇ ದೂರು ಹಾಕಬಹುದು, ಬ್ಯಾಂಕಿನ ಮುಖ್ಯ ಕಚೇರಿ ಮುಂಬೈಯಲ್ಲಿದ್ದರೂ ದಾವಣಗೆರೆಗೇ ಬರಬೇಕು. ಐದು ಲಕ್ಷದವರೆಗಿನ ಪ್ರಕರಣಕ್ಕೆ ಶುಲ್ಕವಿಲ್ಲ. ಮೊದಲ ಪತ್ರದ ಲಕೋಟೆಯನ್ನೂ ಎಸೆಯದೆ ಇಟ್ಟಿದ್ದರೆ ಅಂಚೆ ಮುದ್ರೆಯ ದಿನಾಂಕವೇ ಸಾಕ್ಷಿ.

ಪತ್ರ ಬರುವುದನ್ನು ಕಡಿಮೆ ಮಾಡಲು

ಕರೆ, ಎಸ್ಸೆಮ್ಮೆಸ್ ತಡೆಯಲು 1909ಕ್ಕೆ ಕರೆ ಮಾಡಿ, ಅಥವಾ ಇಂಗ್ಲಿಷ್ ಅಕ್ಷರದಲ್ಲಿ ‘ಸ್ಟಾರ್ಟ್’ ಎಂದು ಬರೆದು ಒಂದು ಜಾಗ ಬಿಟ್ಟು 0 ಒತ್ತಿ ಅದೇ ನಂಬರಿಗೆ ಕಳಿಸಿ. ಕಾಗದದ ಪತ್ರಕ್ಕೆ ಇದು ಅನ್ವಯಿಸದು. ಅದಕ್ಕೆ ಆಯಾ ಬ್ಯಾಂಕಿಗೇ ಹೇಳಬೇಕು: ನೆಟ್‌ಬ್ಯಾಂಕಿಂಗಿನಲ್ಲಿ ಪ್ರಚಾರ ಬೇಡ ಎಂಬ ಆಯ್ಕೆ ಇದ್ದರೆ ಬಳಸಿ, ಇಲ್ಲದಿದ್ದರೆ ಒಂದು ಸಾಲಿನ ಇಮೇಲ್ ಸಾಕು. ಖಾತೆ ತೆರೆಯುವ ಫಾರಂನಲ್ಲಿ ‘ಸಮೂಹದ ಇತರ ಕಂಪನಿಗಳೊಂದಿಗೆ ಮಾಹಿತಿ ಹಂಚಿಕೊಳ್ಳಲು ಒಪ್ಪಿದ್ದೇನೆ’ ಎಂಬ ಟಿಕ್ ಮೊದಲೇ ಬಿದ್ದಿರುತ್ತದೆಯೇ ನೋಡಿ, ಬಿದ್ದಿದ್ದರೆ ತೆಗೆಸಿ. ಮಾಲಿನ ಲಕ್ಕಿ ಡ್ರಾ ಡಬ್ಬಕ್ಕೆ ಹೆಸರು, ನಂಬರು, ‘ಮಾಸಿಕ ಆದಾಯ’ ಬರೆದು ಹಾಕುವುದನ್ನೂ ಬಿಡಿ.

ಬೇಡದ ಪತ್ರವನ್ನು ಹಾಗೇ ಕಸಕ್ಕೆ ಹಾಕದೆ, ಹೆಸರು, ವಿಳಾಸ, ರೆಫರೆನ್ಸ್ ನಂಬರು, ಕ್ಯೂಆರ್ ಕೋಡ್ ಇರುವ ಭಾಗವನ್ನು ಹರಿದು ಬೇರೆ ಮಾಡಿ. ಬಾಡಿಗೆ ಮನೆಯಲ್ಲಿ ಹಿಂದಿನವರ ಹೆಸರಿಗೆ ಬಂದ ಲಕೋಟೆಯನ್ನು ಒಡೆಯಬೇಡಿ. ‘ವಿಳಾಸದಾರರು ಇಲ್ಲಿಲ್ಲ, ಕಳಿಸಿದವರಿಗೆ ಮರಳಿಸಿ’ ಎಂದು ಬರೆದು ಅಂಚೆಯಣ್ಣನಿಗೆ ಕೊಡಿ. ತೀರಿಹೋದ ಹಿರಿಯರ ಹೆಸರಿಗೆ ಪತ್ರ ಬರುತ್ತಿದ್ದರೆ ಬ್ಯಾಂಕಿನ ದಾಖಲೆಯಲ್ಲಿ ಅವರು ಇನ್ನೂ ಇದ್ದಾರೆ ಎಂದರ್ಥ. ಮರಣ ಪ್ರಮಾಣಪತ್ರದ ಪ್ರತಿ ಕೊಟ್ಟು ಖಾತೆ ಇತ್ಯರ್ಥ ಮಾಡಿಸಿ, ಕ್ರೆಡಿಟ್ ಮಾಹಿತಿ ಕಂಪನಿಗಳಿಗೂ ತಿಳಿಸಲು ಹೇಳಿ. ಅವರ ಪ್ಯಾನ್ ಜೆರಾಕ್ಸ್ ಯಾರ ಕೈಯಲ್ಲಾದರೂ ಉಳಿದಿದ್ದರೆ ಆ ಹೆಸರಿನಲ್ಲಿ ಅರ್ಜಿ ಹೋಗದಂತೆ ತಡೆಯಲು ಅಷ್ಟು ಮಾಡಲೇಬೇಕು.